ಮುಳ್ಳಿಲ್ಲದ ಮುಳ್ಳುಬಾಲ

12 ಅಕ್ಟೋಬರ್ 2024, ಶನಿವಾರ, ರಾತ್ರಿ

ಆಸ್ಟ್ರೇಲಿಯಾದ ಪರ್ತ್‌ನಿಂದ ತಂಗಿಯ ಮಗ ಹಲ್ಲಿಯ ಫೋಟೊ ಕಳಿಸಿದ್ದಾನೆ. ಬ್ಯಾಂಕ್ಸಿಯಾ ಪೊದೆ, ಬೂದು ಮೈ, ಮೊಂಡು ಬಾಲ. “ಮಾವ, ಇದು ಮುಳ್ಳುಬಾಲದ ಹಲ್ಲಿ ಅಂತಾರೆ. ಮುಳ್ಳೇ ಕಾಣಲ್ವಲ್ಲ?”

ಕಾಣುವುದಿಲ್ಲ. ಬಾಲ ಒಮ್ಮೆ ಕಳಚಿ ಮತ್ತೆ ಬೆಳೆದಿದೆ. ಹಾಗೆ ಬೆಳೆದ ಬಾಲದಲ್ಲಿ ಮುಳ್ಳಿನ ಸಾಲು ಮೊದಲಿನಂತೆ ಬರುವುದಿಲ್ಲ. ಬಾಲವನ್ನು ಬಿಟ್ಟು ಅದರ ಬುಡ ನೋಡು, ಬೆನ್ನಿನ ಉಬ್ಬುಗಳನ್ನು ನೋಡು ಎಂದೆ. ಉದ್ದ ಅಳೆಯುವವರೂ ಮೂತಿಯಿಂದ ಗುದದ್ವಾರದವರೆಗೆ ಮಾತ್ರ ಅಳೆಯುವುದು ಇದೇ ಕಾರಣಕ್ಕೆ.

ಅಸಲಿಗೆ ಈ ಹಲ್ಲಿಗಳ ಕುಲವಾದ ಸ್ಟ್ರೋಫೂರಸ್‌ನ ಗುರುತು ಮುಳ್ಳಲ್ಲ, ಅಂಟು. ಬಾಲದೊಳಗಿನ ಗ್ರಂಥಿಗಳಿಂದ ಚಿಮ್ಮುವ ದ್ರವ ಗಾಳಿ ತಾಗಿದೊಡನೆ ಜೇಡರ ನೂಲಿನಂತೆ ಎಳೆಎಳೆಯಾಗುತ್ತದೆ. ಸ್ಪಿನಿಫೆಕ್ಸ್ ಹುಲ್ಲಿನಲ್ಲಿರುವ ಟೀನಿಯೇಟಸ್, ಜೀನೇ ಜಾತಿಗಳ ಬಾಲ ನುಣುಪು. ಅಂಟು ಮಾತ್ರ ಅವಕ್ಕೂ ಇದೆ. ಹೆಸರು ನಂಬಿ ಹುಡುಕಿದರೆ ಇಂಥ ಜಾತಿಗಳೇ ಕೈಬಿಟ್ಟುಹೋಗುತ್ತವೆ!

ಜಾತಿಗೆ ಬಂದರೆ ನನ್ನ ಮೊದಲ ಪ್ರಶ್ನೆ ಯಾವಾಗಲೂ ಊರು. ಈ ಕುಲದಲ್ಲಿ ವಿಲಿಯಮ್ಸಿ ಆಸ್ಟ್ರೇಲಿಯಾದ ಪೂರ್ವದ್ದು, ಬಾಲದ ಮೇಲೆ ನಾಲ್ಕು ಸಾಲು ಮುಳ್ಳು. ಸಿಲಿಯಾರಿಸ್‌ಗೆ ಕಣ್ಣಿನ ಮೇಲೆ ರೆಪ್ಪೆಗೂದಲಿನ ಹಾಗೆ ಉದ್ದ ಮುಳ್ಳುಗಳು, ಅದು ಉತ್ತರದ್ದು. ನೈಋತ್ಯ ಮೂಲೆಯ ಪರ್ತ್‌ನಲ್ಲಿ ಎಂದರೆ ಸ್ಪಿನಿಜೆರಸ್, ಎರಡು ಸಾಲಿನದು. ಊರು ತಿಳಿಯದೆ ಮುಳ್ಳು ಎಣಿಸುವುದು ದಂಡ.

ಮೈಬಣ್ಣ ನೆಚ್ಚಬೇಡ ಎಂದೂ ಹೇಳಿದೆ. ಒಂದೇ ಹಲ್ಲಿ ಹೊತ್ತಿಗೊಂದು ಛಾಯೆ ತಾಳುತ್ತದೆ, ಫ್ಲ್ಯಾಶ್ ಅದನ್ನೂ ಕೆಡಿಸುತ್ತದೆ. ಬೇಕಾದ್ದು ಮೇಲಿನಿಂದ ಇಡೀ ಬೆನ್ನು, ಪಕ್ಕದಿಂದ ಕಣ್ಣು, ಬಾಲದ ಬುಡ.

“ನಮ್ಮನೆ ಗೋಡೆ ಹಲ್ಲಿಗೆ ಇದು ನೆಂಟನಾ?” ದೂರದ್ದು. ಫೋಟೊ ಫ್ರೇಮಿನ ಹಿಂದೆ ಸಿಗುವ ನಮ್ಮ ಮನೆಹಲ್ಲಿ ಹೆಮಿಡ್ಯಾಕ್ಟೈಲಸ್‌ನ ಮೊಟ್ಟೆಯ ಚಿಪ್ಪು ಗಟ್ಟಿ, ಅದು ಗೆಕ್ಕೋನಿಡೇ ಕುಟುಂಬದ್ದು. ಈ ಮುಳ್ಳುಬಾಲದವು ಡಿಪ್ಲೋಡ್ಯಾಕ್ಟಿಲಿಡೇ ಕುಟುಂಬದವು, ಮೊಟ್ಟೆ ತೊಗಲಿನಂತೆ ಮೆತ್ತಗೆ. ಪ್ರಾಣಿಶಾಸ್ತ್ರಜ್ಞ ಗ್ರೇ 1842ರಲ್ಲಿ ಸ್ಪಿನಿಜೆರಸ್ಸನ್ನು ಡಿಪ್ಲೋಡ್ಯಾಕ್ಟೈಲಸ್ ಎಂಬ ಕುಲದ್ದೆಂದೇ ಬರೆದದ್ದು. ಸ್ಟ್ರೋಫೂರಸ್ ಹೆಸರು 1843ರಿಂದ ಇದ್ದರೂ ಬಹುಕಾಲ ಆ ಹಳೆಯ ಕುಲದೊಳಗೇ ಬಿದ್ದಿತ್ತು. ಹಾಗಾಗಿ ಹಳೆಯ ಪುಸ್ತಕದಲ್ಲಿ ಹುಡುಕುವವನು ಎರಡೂ ಹೆಸರು ನೋಡಬೇಕು.

ಇಂಥ ಹಲ್ಲಿಗಳ ಎಷ್ಟೋ ಮಾದರಿಗಳು ಸಂಗ್ರಹದ ಜಾಡಿಯಲ್ಲಿ ಬಣ್ಣ ಕಳೆದುಕೊಂಡು ಕೂತಿವೆ. ಮೈ ಕೊಳೆಯದಂತೆ ಇಡುವ ಫಾರ್ಮಲಿನ್‌ಗೆ ಹಾಕುವ ಮುಂಚೆ ಯಕೃತ್ತಿನ ಚೂರೊಂದನ್ನು 95 ಶೇಕಡಾ ಎಥನಾಲ್‌ನಲ್ಲಿ ಎತ್ತಿಟ್ಟಿದ್ದರೆ ಡಿಎನ್‌ಎ ಸಲೀಸಾಗಿ ಸಿಗುತ್ತಿತ್ತು. ಫಾರ್ಮಲಿನ್ ಅದನ್ನು ಹಾಳು ಮಾಡುತ್ತದೆ. ಇದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಈಗ ತಂಗಿಯ ಮಗ ಹಲ್ಲಿ ಸಿಕ್ಕ ಜಾಗದ ನಕ್ಷೆಯನ್ನೇ ಗ್ರೂಪಿಗೆ ಹಾಕಲೇ ಅಂತಿದ್ದಾನೆ. ಬೇಡವೋ, ಕದ್ದು ಮಾರುವವರು ನೋಡುತ್ತಾರೆ, ನನಗೊಬ್ಬನಿಗೇ ಕಳಿಸು. ಬಾಯಿಯ ಒಳಬಣ್ಣ ನೋಡಿದರೆ ಇನ್ನೂ ಖಚಿತವಾಗುತ್ತಿತ್ತು. ಆದರೆ ಬಾಯಿ ತೆರೆಸಲು ಹಿಡಿಯಬೇಕು, ಹಿಡಿಯಲು ಪರವಾನಗಿ ಬೇಕು, ಅವನ ಹತ್ತಿರ ಅದೆಲ್ಲಿ…