ಲೀಡ್ ಗಿಟಾರ್ ಬೆಂಗಳೂರಿಗೆ ಹೋದ ಮೇಲೆ

ಬ್ಯಾಂಡ್ ಹುಡುಗರು ಗೋಡೌನ್‌ಗೆ ಬಂದು "ಈ ಸಲ ಎಲ್ಲಾ ಸಿಂಪಲ್ ಅಣ್ಣ, ನಿಮಗೆ ತಲೆನೋವೇ ಇಲ್ಲ" ಅಂದರೆ, ಸೌಂಡ್ ಲೈನಿನಲ್ಲಿರುವವರೇ, ಅವತ್ತು ಸೌಂಡ್‌ಚೆಕ್‌ಗೆ ಇನ್ನರ್ಧ ಗಂಟೆ ಹೆಚ್ಚಿಗೆ ಕೇಳಿಟ್ಟುಕೊಳ್ಳಿ. ನಾನು ಕೇಳಲಿಲ್ಲ. ಇದ್ದ ಅರ್ಧ ಗಂಟೆಯನ್ನೂ ಆರ್ಕೆಸ್ಟ್ರಾದವರಿಗೆ ಬಿಟ್ಟುಕೊಟ್ಟೆ.

ನಾನಿರುವುದು ಹಾಸನದಲ್ಲಿ, ಬಾಡಿಗೆ ಸೌಂಡ್ ಕೊಡುವ ಕಡೆ. ಮದುವೆ ಸೀಸನ್ನಿಗೆ ಛತ್ರ, ಗಣಪತಿಗೆ ರಸಮಂಜರಿ, ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ, ಮಧ್ಯೆ ಸಕಲೇಶಪುರದ ಕಡೆಯ ರೆಸಾರ್ಟ್ ಡಿಜೆಗಳು. ಮೆಟಲ್ ಬ್ಯಾಂಡ್ ಅನ್ನುವುದು ಕಾಲೇಜು ಫೆಸ್ಟ್ ಇದ್ದಾಗ ಮಾತ್ರ ಬರುವ ಗಿರಾಕಿ. ಬಂದರೆ ನಮ್ಮ ಓನರ್ ಸೀದಾ ನನ್ನ ಕಡೆ ತಳ್ಳುತ್ತಾರೆ. "ಆ ಕಿರುಚೋ ಹುಡುಗ್ರು ನಿನ್ ಪಾರ್ಟಿ ಕಣಯ್ಯ, ನೀನೇ ನೋಡ್ಕೊ." ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಡಿಪ್ಲೊಮಾ ಓದುವಾಗಿನಿಂದ ನನಗೆ ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನ ಮೆಟಲ್ ಬ್ಯಾಂಡುಗಳ ಹುಚ್ಚು. ಅಟ್ ದ ಗೇಟ್ಸ್, ಡಾರ್ಕ್ ಟ್ರಾಂಕ್ವಿಲಿಟಿ, ಇನ್ ಫ್ಲೇಮ್ಸ್, ಎಲ್ಲ ಆ ಒಂದೇ ಊರಿನ ಕಡೆಯವರು. ಡೆತ್ ಮೆಟಲ್‌ನ ಆರ್ಭಟದ ಮೇಲೆ ಎರಡು ಗಿಟಾರ್ ಸೇರಿ ರಾಗ ನುಡಿಸುವ ಶೈಲಿ ಗಟ್ಟಿಯಾಗಿದ್ದು ಅಲ್ಲೇ. ಎರಡು ಗಿಟಾರ್ ಜೋಡಿಯ ಚಾಳಿ ಐರನ್ ಮೇಡನ್ನಿಂದ ಬಂದದ್ದು. ಅದಕ್ಕೆ ಗ್ರೌಲ್, ಅಂದರೆ ಗಂಟಲಾಳದ ಗರ್ಜನೆ, ಸೇರಿಸಿದ್ದು ಇವರು.

ಹೋದ ವರ್ಷವೂ ಇದೇ ಬ್ಯಾಂಡಿಗೆ ನಾನೇ ಮಿಕ್ಸ್ ಮಾಡಿದ್ದೆ. ಪಕ್ಕಾ ಗೋಥೆನ್‌ಬರ್ಗ್ ಸೆಟ್. ಎರಡು ಗಿಟಾರ್, ಒಂದರ ಸ್ವರದ ಮೇಲೆ ಇನ್ನೊಂದು ಮೂರನೇ ಸ್ವರ ಹಿಡಿದು ಓಡುವುದು, ಡಬಲ್ ಬಾಸ್ ಡ್ರಮ್ಮು, ಮಧ್ಯದಲ್ಲಿ ವೋಕಲ್ಸ್ ಹುಡುಗ ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿದು ಗ್ರೌಲ್. ಎರಡು ಗಿಟಾರನ್ನು ಎಡ ಸ್ಪೀಕರಿಗೊಂದು ಬಲ ಸ್ಪೀಕರಿಗೊಂದು ಪ್ಯಾನ್ ಮಾಡಿದ್ದೆ. ವೋಕಲ್‌ಗೆ ಬಿಗಿ ಗೇಟ್ (ಸಣ್ಣ ಸದ್ದಿಗೆ ಮೈಕನ್ನು ಮುಚ್ಚಿಡುವುದು), ಮೇಲೆ ಎಂಟಕ್ಕೊಂದು ಕಂಪ್ರೆಷನ್ (ಜೋರು ಸದ್ದನ್ನು ಒತ್ತಿ ಸಮ ಮಾಡುವುದು). ಗ್ರೌಲ್ ಮಾಡುವವನ ಲೆವೆಲ್ ಏರಿಳಿತ ಕಡಿಮೆ, ಡ್ರಮ್ಮಿನ ಸದ್ದು ಅವನ ಮೈಕಿಗೆ ನುಗ್ಗದಂತೆ ನೋಡಿಕೊಂಡರೆ ಮುಗೀತು. ಮಿಕ್ಸರಿನ ಈ ಸೆಟ್ಟಿಂಗುಗಳನ್ನೆಲ್ಲ ಒಟ್ಟಿಗೆ ಸೀನ್ ಅನ್ನುತ್ತೇವೆ, ಆ ಸೀನನ್ನು ಪೆನ್‌ಡ್ರೈವ್‌ಗೆ ಸೇವ್ ಮಾಡಿ ಬ್ಯಾಂಡಿನ ಹೆಸರು ಕೊಟ್ಟಿಟ್ಟಿದ್ದೆ. ಅದರ ಬಗ್ಗೆ ನನಗೆ ಸಣ್ಣ ಜಂಬವೂ ಇತ್ತು.

ಈ ವರ್ಷ ಹುಡುಗ ಬಂದು ಹೇಳಿದ್ದು ಬೇರೆ ಕತೆ. ಲೀಡ್ ಗಿಟಾರಿನವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋದ. ಉಳಿದವನು ರಿದಮ್ ಮಾತ್ರ. ಹಾಗಾಗಿ ಹಾಡುಗಳನ್ನೆಲ್ಲ ಕಡಿದು ಚಿಕ್ಕದು ಮಾಡಿದ್ದಾರೆ. ಎರಡು ಮೂರು ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು), ದೊಡ್ಡ ಕೋರಸ್, ಕೋರಸ್ ಕನ್ನಡದಲ್ಲಿ, ಹಾಡುವುದು ನಿಜವಾದ ಗಂಟಲಲ್ಲಿ. ಲ್ಯಾಪ್‌ಟಾಪಿನಿಂದ ಸ್ವಲ್ಪ ಕೀಬೋರ್ಡ್.

"ಇನ್ ಫ್ಲೇಮ್ಸ್ ಕೂಡ 2002ರಲ್ಲಿ ಹಿಂಗೇ ಮಾಡ್ಲಿಲ್ವಾ ಅಣ್ಣ?" ಅಂದ.

ಅಲ್ಲಿಗೆ ನಾನು ಕೆಲಸ ಬಿಟ್ಟು ವಾದಕ್ಕೆ ಕೂತೆ. ಯಾವ ವಾದ್ಯ ಯಾವ ಲೈನಿಗೆ ಅನ್ನುವ ಇನ್‌ಪುಟ್ ಲಿಸ್ಟ್ ಬರೆಸಿಕೊಳ್ಳಬೇಕಾದ ಹೊತ್ತು ಅದು. ನಾನು ಪುರಾಣ ಬಿಚ್ಚಿದೆ. "ಅವ್ರು ನಿಮ್ ಥರ ಗಿಟಾರಿಸ್ಟ್ ಓಡಿಹೋದ ಅಂತ ಬದಲಾಗಿದ್ದಲ್ಲ ಮಾರಾಯ." ನಿಜವೇ. 2000ದ 'ಕ್ಲೇಮನ್', 2002ರ 'ರೀರೂಟ್ ಟು ರಿಮೇನ್', ಎರಡೂ ಆಲ್ಬಮ್ ನುಡಿಸಿದ್ದು ಅದೇ ಐದು ಜನ. ಬ್ಯಾಂಡ್ ಕಟ್ಟಿದ ಯೆಸ್ಪರ್ ಸ್ಟ್ರೋಂಬ್ಲಾಡ್ ಬಿಟ್ಟುಹೋಗಿದ್ದು 2010ರಲ್ಲಿ, ಎಷ್ಟೋ ತಡವಾಗಿ. ಬದಲಾಗಿದ್ದು ಸ್ಟುಡಿಯೋ, ಸೌಂಡ್ ಮಾಡುವವನು. ಅದುವರೆಗೆ ತಮ್ಮೂರಿನ ಸ್ಟುಡಿಯೋ ಫ್ರೆಡ್‌ಮನ್‌ನಲ್ಲಿ ಫ್ರೆಡ್ರಿಕ್ ನೂರ್ಡ್‌ಸ್ಟ್ರೋಂ ಜೊತೆ ರೆಕಾರ್ಡ್ ಮಾಡುತ್ತಿದ್ದವರು ಉಪ್ಸಾಲಾಕ್ಕೆ, ಡ್ಯಾನಿಯಲ್ ಬರ್ಗ್‌ಸ್ಟ್ರಾಂಡ್‌ನ ಡಗ್‌ಔಟ್ ಸ್ಟುಡಿಯೋಗೆ ಹೋದರು. ಮೆಶುಗ್ಗಾದಂಥ ಬ್ಯಾಂಡಿಗೆ ಕೆಲಸ ಮಾಡಿದ್ದ ಮನುಷ್ಯ. ಅದೇ ವರ್ಷ ಸ್ವೀಡನ್ನಿನದೇ ಇನ್ನೊಂದು ಬ್ಯಾಂಡ್ ಸಾಯಿಲ್‌ವರ್ಕ್ ಕೂಡ ನಿರ್ಮಾಪಕನಾಗಿ ಡೆವಿನ್ ಟೌನ್‌ಸೆಂಡ್‌ನನ್ನು ಕರೆಸಿ ಕೋರಸ್ ದೊಡ್ಡದು ಮಾಡಿಕೊಂಡಿತು. ಡಾರ್ಕ್ ಟ್ರಾಂಕ್ವಿಲಿಟಿ ತದ್ವಿರುದ್ಧ: 1999ರಲ್ಲೇ 'ಪ್ರೊಜೆಕ್ಟರ್'ನಲ್ಲಿ ಗ್ರೌಲ್ ಜೊತೆ ನಿಜವಾದ ಗಂಟಲಲ್ಲೂ ಹಾಡಿ ನೋಡಿ, 2002ರಲ್ಲಿ 'ಡ್ಯಾಮೇಜ್ ಡನ್' ಮಾಡುವಾಗ ವಾಪಸ್ ಗ್ರೌಲ್‌ಗೆ ಬಂದಿತ್ತು. ಒಂದೇ ಊರು, ಒಂದೇ ವರ್ಷ, ಒಬ್ಬರು ಆ ಕಡೆ ಒಬ್ಬರು ಈ ಕಡೆ.

ಹುಡುಗ ಪಾಪ ತಲೆಯಾಡಿಸುತ್ತ ಕೇಳಿದ. ನಾನು ಇನ್ನೂ ಮುಂದುವರಿದು, 'ರೀರೂಟ್ ಟು ರಿಮೇನ್' ಬಂದಾಗಿನಿಂದ ಹಳೇ ಅಭಿಮಾನಿಗಳು ಬಯ್ಯುತ್ತಲೇ ಇರುವುದು ಯಾಕೆ ಅಂತಲೂ ಹೇಳಿದೆ. ಬಯ್ಯುವವರಲ್ಲಿ ನಾನೂ ಒಬ್ಬ ಅನ್ನುವುದನ್ನೂ ಹೇಳಿದೆ. ಹೇಳದೆ ಬಿಟ್ಟಿದ್ದು, ಕೇಳದೆ ಬಿಟ್ಟಿದ್ದು ಒಂದೇ: ಲ್ಯಾಪ್‌ಟಾಪ್ ಎಲ್ಲಿಗೆ ಚುಚ್ಚುತ್ತೀರಿ?

ಫೆಸ್ಟ್ ದಿನದ ವ್ಯವಸ್ಥೆ ಬಗ್ಗೆ ಬರೆದರೆ ಅದೇ ಒಂದು ಪುಟವಾಗುತ್ತದೆ. ಮೈದಾನದ ನಡುಮಧ್ಯ ನನಗೆ ಬೇಕಿದ್ದ ಜಾಗದಲ್ಲಿ ಗಣ್ಯರಿಗೆ ಸೋಫಾ. "ಮಿಕ್ಸರ್ ಟೇಬಲ್ ಅಡ್ಡ ಬರುತ್ತೆ, ಫೋಟೋ ಚೆನ್ನಾಗಿ ಬರಲ್ಲ" ಅಂತ ಕಮಿಟಿಯವರು ನನ್ನನ್ನು ಎಡಗಡೆ ಸ್ಪೀಕರ್ ಸ್ಟ್ಯಾಕ್‌ನ ಎದುರಿಗೆ, ಶಾಮಿಯಾನದ ಕಂಬದ ಪಕ್ಕ ಕೂರಿಸಿದರು. ನಮ್ಮ ಓನರ್ ಒಂದು ಮಾತು ಆಡಲಿಲ್ಲ. ಆರ್ಕೆಸ್ಟ್ರಾದವರು ಲೇಟು, ಭಾಷಣಗಳು ಲೇಟು, ಸ್ಮರಣಿಕೆ ಕೊಡುವುದು ಮುಗಿಯುವುದೇ ಇಲ್ಲ. ರಾತ್ರಿ ಹತ್ತಾದರೆ ಸ್ಪೀಕರ್ ಬಂದ್, ಅದು 2000ದ ಶಬ್ದಮಾಲಿನ್ಯ ನಿಯಮ, ಗೇಟಿನ ಹತ್ತಿರ ಪೊಲೀಸಿನವರು ಆಗಲೇ ನಿಂತಿದ್ದರು. ಮೆಟಲ್ ಹುಡುಗರಿಗೆ ಸಿಕ್ಕಿದ್ದು ಕೊನೆಯ ಚೂರು. ಲೈನ್ ಚೆಕ್ ಮಾಡುವಷ್ಟೂ ಹೊತ್ತಿಲ್ಲ.

ಇರಲಿ, ಸಿಂಪಲ್ ಸೆಟ್ ತಾನೆ. ಹೋದ ವರ್ಷದ ಸೀನ್ ಲೋಡ್ ಮಾಡಿದೆ.

ಮೊದಲ ಹಾಡಿನ ರಿಫ್ ಶುರುವಾದಾಗ ನನ್ನ ಕಿವಿಗೆ ಗಿಟಾರ್ ಭರ್ಜರಿಯಾಗಿತ್ತು. ದಪ್ಪ, ಬಿಗಿ, ಹೋದ ವರ್ಷಕ್ಕಿಂತ ಸ್ಪಷ್ಟ. ಮುಂದಿನ ಸಾಲಿನ ಹುಡುಗರು ಕುಣಿಯುತ್ತಿದ್ದರು. ನಾನು ಕುರ್ಚಿಗೆ ಒರಗಿದೆ, ನಿಜವಾಗಿ ಒರಗಿದೆ. ಬಲಗಡೆಯ ಜನ ಮಾತ್ರ ಕೈಕಟ್ಟಿ ನಿಂತಿದ್ದರು. ಆ ಕಡೆ ಬೇರೆ ಬ್ರಾಂಚಿನವರಿರಬೇಕು, ಮೆಟಲ್ ಇಷ್ಟವಿಲ್ಲವೇನೋ ಅಂದುಕೊಂಡೆ. ಇವತ್ತಿಗೂ ನನ್ನನ್ನು ಚುಚ್ಚುವುದು ಈ ಯೋಚನೆಯೇ. ಅರ್ಧ ಮೈದಾನ ಸುಮ್ಮನಿದ್ದರೆ ಅದು ಅವರ ಅಭಿರುಚಿಯ ಸಮಸ್ಯೆ ಅಂತ ನನ್ನ ತಲೆ ತೀರ್ಮಾನ ಮಾಡಿಬಿಟ್ಟಿತ್ತು.

ಬಲಗಡೆ ಸ್ಟ್ಯಾಕ್ ಕಾಯುತ್ತಿದ್ದ ನಮ್ಮ ಹುಡುಗ ಫೋನ್ ಮಾಡಿದ. "ಅಣ್ಣ, ಈ ಕಡೆ ಗಿಟಾರೇ ಇಲ್ಲ. ಬರೀ ಏನೋ ಕುಯ್ ಕುಯ್ ಅಂತೈತೆ."

ಇರುವ ಒಂದೇ ಗಿಟಾರು ಒಂದನೇ ಗಿಟಾರಿನ ಚಾನೆಲ್ಲಿನಲ್ಲಿ, ಪೂರಾ ಎಡಕ್ಕೆ. ಸ್ಟೇಜಿನಲ್ಲಿದ್ದವನು ಖಾಲಿ ಸಿಕ್ಕ ಲೈನಿಗೆ ಲ್ಯಾಪ್‌ಟಾಪ್ ಚುಚ್ಚಿದ್ದಾನೆ, ಅದು ಎರಡನೇ ಗಿಟಾರಿನ ಚಾನೆಲ್ಲು, ಪೂರಾ ಬಲಕ್ಕೆ, ಮೇಲಿಂದ ಗಿಟಾರಿಗೆಂದು ಹಾಕಿದ್ದ ಹೈಪಾಸ್. ಕೀಬೋರ್ಡಿನ ಕೆಳಗಿನ ದಪ್ಪವೆಲ್ಲ ಕತ್ತರಿಸಿಹೋಗಿ ಬಲಗಡೆಯ ಜನ ಡ್ರಮ್ಮು, ಬಾಸು, ಸೊಳ್ಳೆ ಗುಂಯ್‌ಗುಡುವಂಥದ್ದು ಒಂದು, ಇಷ್ಟನ್ನೇ ಕೇಳುತ್ತಿದ್ದರು. ಹೋದ ವರ್ಷವೂ ಪ್ಯಾನ್ ಹೀಗೇ ಇತ್ತು. ಆಗ ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಎರಡೂ ಗಿಟಾರ್ ತಲಾ ಒಂದೊಂದು ಪೂರ್ತಿ ರಾಗ ನುಡಿಸುತ್ತಿದ್ದವು. ಯಾವ ಕಡೆ ನಿಂತವನಿಗೂ ಏನೋ ಒಂದು ಸಿಗುತ್ತಿತ್ತು.

ಪ್ಯಾನ್ ನಡುವಿಗೆ ಎಳೆಯಲು ಕೈ ಹೋಗುವಷ್ಟರಲ್ಲಿ ಕೋರಸ್ ಬಂತು.

ವೋಕಲ್ಸ್ ಹುಡುಗ ಗ್ರೌಲ್ ಬಿಟ್ಟು ಮೆಲ್ಲಗೆ ಹಾಡಲು ಶುರುಮಾಡಿದ. ಗೇಟ್ ತೆರೆಯಲೇ ಇಲ್ಲ. ಪ್ರತಿ ಸಾಲಿನ ಮೊದಲ ಅಕ್ಷರ ನುಂಗಿಹೋಗಿ, ಅವನು ದನಿ ಎತ್ತಿದ ಮೇಲೆ ದಡಕ್ಕನೆ ತೆರೆದುಕೊಳ್ಳುತ್ತಿತ್ತು. ಗೇಟ್ ಆಫ್ ಮಾಡಿದೆ. ದನಿ ಸಾಲದು ಅಂತ ಫೇಡರ್ ಏರಿಸಿದೆ. ಕಂಪ್ರೆಸರ್‌ನ ಮೇಕಪ್ ಗೇನ್ (ಒತ್ತಿದ ಸದ್ದನ್ನು ಮತ್ತೆ ಎತ್ತಿಕೊಡುವುದು) ಹೋದ ವರ್ಷದ್ದೇ ಇದೆ ಅನ್ನುವುದು ಆ ಕ್ಷಣಕ್ಕೆ ತಲೆಗೆ ಬರಲಿಲ್ಲ. ಅವನ ಮುಷ್ಟಿ ಇನ್ನೂ ಜಾಲರಿ ಮೇಲೇ. ಗ್ರೌಲ್ ಮಾಡುವವರ ಅಭ್ಯಾಸ ಅದು. ಹಾಗೆ ಹಿಡಿದರೆ ಮೈಕಿನ ಹಿಂಭಾಗದ ಕಿಂಡಿಗಳು ಮುಚ್ಚಿ ಅದು ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳತೊಡಗುತ್ತದೆ, ಹಾಡುಗಾರನಿಗೆ ಕೇಳಿಸಲು ಇಟ್ಟ ಕಾಲ ಬುಡದ ಸ್ಪೀಕರ್, ಅಂದರೆ ವೆಡ್ಜ್ ಸಮೇತ. ಅರಚುವಾಗ ನಡೆದುಹೋಗುತ್ತದೆ. ಮೆಲುದನಿಗೆ ಗೇನ್ ಏರಿಸಿದಾಗ ನಡೆಯುವುದಿಲ್ಲ.

ಕೂಯ್... ಎಂದು ಎದ್ದ ಫೀಡ್‌ಬ್ಯಾಕ್ ಸೋಫಾದಲ್ಲಿದ್ದವರ ಕೈಗಳನ್ನೆಲ್ಲ ಕಿವಿಗೆ ಏರಿಸಿತು. ಗಾಬರಿಯಲ್ಲಿ ಮಧ್ಯದ ಫ್ರೀಕ್ವೆನ್ಸಿಯನ್ನು ಅಗಲವಾಗಿ ಕಡಿದೆ. ಕೂಗು ನಿಂತಿತು, ಜೊತೆಗೆ ಹಾಡುಗಾರನೂ ಕಾಣೆಯಾದ. ತುಟಿ ಆಡುತ್ತಿದೆ, ದನಿ ಇಲ್ಲ. ಮರಳಿ ಸ್ವಲ್ಪ ಬಿಟ್ಟೆ, ಮತ್ತೆ ಕೂಯ್. ಓನರ್ ಸೋಫಾಗಳ ಮಧ್ಯದಿಂದ ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದು "ಏನಯ್ಯಾ ಮಾಡ್ತಿದೀಯಾ? ಕಮ್ಮಿ ಮಾಡು!" ಅಂದರು. ಕಮಿಟಿಯ ಹುಡುಗ ಇನ್ನೊಂದು ಕಿವಿಗೆ ಬಂದು "ಸರ್, ವಾಯ್ಸ್ ಕೇಳ್ತಿಲ್ಲ, ಜಾಸ್ತಿ ಮಾಡಿ" ಅಂದ. ಇಬ್ಬರೂ ಸರಿಯಾಗೇ ಹೇಳುತ್ತಿದ್ದರು.

ಆ ಹಾಡು ಹಾಗೇ ಮುಗಿಯಿತು. ಹಾಡುಗಳ ನಡುವಿನ ಸ್ವಲ್ಪ ಹೊತ್ತಿನಲ್ಲಿ ಗಿಟಾರ್, ಕೀಬೋರ್ಡ್ ಎರಡನ್ನೂ ನಡುವಿಗೆ ತಂದೆ, ಹೈಪಾಸ್ ತೆಗೆದೆ, ಕಂಪ್ರೆಷನ್ ಮೂರಕ್ಕೊಂದು ಮಾಡಿ ಮೇಕಪ್ ಗೇನ್ ಇಳಿಸಿದೆ, ವೆಡ್ಜಿನ ಸೆಂಡ್ ಇಳಿಸಿದೆ. ಟಾಕ್‌ಬ್ಯಾಕ್‌ನಲ್ಲಿ ಅವನ ವೆಡ್ಜಿಗೆ "ಜಾಲರಿಯಿಂದ ಕೈ ತೆಗಿ, ಕೈ ತೆಗಿ" ಅಂದೆ. ಅವನು ಗಾಬರಿಯಾಗಿ ಮೈಕಿನಿಂದಲೇ ಕೈ ತೆಗೆಯಲು ಹೋದ. ಆಮೇಲೆ ಅರ್ಥವಾಯಿತು ಅನ್ನಿ. ಕೊನೆಯ ಹಾಡಿನ ಕೋರಸ್ ಎರಡನೇ ಸಲ ಬರುವಾಗ ಬಲಗಡೆಯವರೂ ಹಾಡುತ್ತಿದ್ದರು. ಮೂರನೇ ಸಲ ಬರುವ ಮೊದಲೇ ಗಂಟೆ ಹತ್ತಾಯಿತು, ಪೊಲೀಸಿನವರು ಕೈ ಅಡ್ಡಾಡಿಸಿದರು, ಮಾಸ್ಟರ್ ಇಳಿಸಿದೆ.

ಟಾಟಾ ಏಸ್‌ಗೆ ಲೋಡ್ ಮಾಡುವಾಗ ನಮ್ಮ ಹಳೇ ಸ್ಟೇಜ್ ಮೇಸ್ತ್ರಿ ಹೇಳಿದ ಮಾತು ಇದು: "ಹುಳಿಗೆ ಎಲ್ಲಾ ತರಕಾರಿ ಬಿದ್ದಿದ್ರೆ ಉಪ್ಪು ಹೆಚ್ಚುಕಮ್ಮಿ ಆದ್ರೂ ಉಣ್ಬೋದು. ತಿಳಿಸಾರಲ್ಲಿ ಎಲ್ಲಿ ಬಚ್ಚಿಡ್ತೀಯಾ?" ಆಮೇಲೆ ನನ್ನ ಕೈಗೆ ಸ್ನೇಕ್, ಅಂದರೆ ಸ್ಟೇಜಿನಿಂದ ಮಿಕ್ಸರಿಗೆ ಬರುವ ದಪ್ಪ ಕೇಬಲ್, ಸುತ್ತಲು ಕೊಟ್ಟರು. ಸ್ನೇಕ್ ಸುತ್ತುವುದು ನಮ್ಮಲ್ಲಿ ಹೊಸಬರ ಕೆಲಸ.

ಮುಂದಿನ ವಾರ ಗೋಡೌನಿನಲ್ಲಿ ಮಾನಿಟರ್ ರಿಪೇರಿ ಮಾಡುತ್ತ 'ಕ್ಲೇಮನ್' ಮತ್ತು 'ರೀರೂಟ್ ಟು ರಿಮೇನ್' ಹಿಂದೆಮುಂದೆ ಹಾಕಿ ಕೇಳಿದೆ. ಎಷ್ಟೋ ವರ್ಷ ಅಭಿಮಾನಿಯಾಗಿ ಕೇಳಿದ್ದನ್ನು ಮೊದಲ ಸಲ ಫೇಡರ್ ಮೇಲೆ ಕೈಯಿಟ್ಟವನ ಹಾಗೆ ಕೇಳಿದ್ದು. ಹಳೆಯದರಲ್ಲಿ ರಾಗದ ಹೊಣೆ ಗಿಟಾರುಗಳ ಮೇಲಿದೆ. ಇನ್ ಫ್ಲೇಮ್ಸ್ ಹಾಡುಗಾರ ಆಂಡರ್ಸ್ ಫ್ರಿಡೇನ್‌ನ ದನಿ ಹೆಚ್ಚು ಕಡೆ ತಾಳದ ಜೊತೆ ನಿಲ್ಲುವ ಒರಟು ಸದ್ದು. ಮಿಕ್ಸ್‌ನಲ್ಲಿ ಅದು ಕೊಂಚ ಹಿಂದೆ ಸರಿದರೂ ಹಾಡು ಬೀಳುವುದಿಲ್ಲ. ಹೊಸದರಲ್ಲಿ ಆ ಹೊಣೆ ಹಾಡುಗಾರನ ಹೆಗಲಿಗೆ ಬಂದಿದೆ. ಗಿಟಾರುಗಳು ಬಹುತೇಕ ಕೆಳಗೆ ಕೂತು ರಿಫ್ ಕುಟ್ಟುತ್ತವೆ, ಅವು ಖಾಲಿ ಮಾಡಿದ ಮೇಲಿನ ಜಾಗಕ್ಕೆ ಕೀಬೋರ್ಡ್ ಬಂದಿದೆ, ಕೋರಸ್‌ನಲ್ಲಿ ದನಿಯ ಮೇಲೆ ದನಿ ಪೇರಿಸಿದ್ದಾರೆ. ದನಿ ಒಂದು ಕೂದಲೆಳೆ ತಪ್ಪಿದರೂ ಹಿಡಿದು ನಿಲ್ಲಿಸಲು ಬೇರೇನೂ ಇಲ್ಲ. ನುಡಿಸುವವರ ಕೆಲಸ ಕಡಿಮೆಯಾಗಿದೆ, ಮಿಕ್ಸ್ ಮಾಡುವವನದು ದುಪ್ಪಟ್ಟಾಗಿದೆ. ನಾನು ಹೋದ ವರ್ಷದ ಸೀನ್ ಹಾಕಿದ್ದು ಅಂದರೆ 'ರೀರೂಟ್' ನುಡಿಸುತ್ತಿದ್ದವರನ್ನು 'ಕ್ಲೇಮನ್' ಮಿಕ್ಸ್‌ನಲ್ಲಿ ಕೂರಿಸಿದ್ದು.

ಹಾಗಂತ ಆ ದಾರಿಯೆಲ್ಲ ನನಗೆ ಒಪ್ಪಿಗೆಯಾಗಿಲ್ಲ. ಇನ್ ಫ್ಲೇಮ್ಸ್ 2016ರಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿ ನಿರ್ಮಾಪಕ ಹೊವಾರ್ಡ್ ಬೆನ್ಸನ್ ಜೊತೆ ಮಾಡಿದ 'ಬ್ಯಾಟಲ್ಸ್' ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಅದೇ ಬೆನ್ಸನ್ ಕೈಯಲ್ಲಿ 2023ರ 'ಫೋರ್‌ಗಾನ್' ಬಂದಾಗ ಹಳೇ ಗಿಟಾರ್ ರಾಗಗಳೂ ದೊಡ್ಡ ಕೋರಸ್ಸೂ ಜೊತೆಗೇ ಕೂತಿದ್ದವು, ಅಂದಮೇಲೆ ಎರಡೂ ಒಟ್ಟಿಗೆ ಬಾಳಬಹುದು. ಸ್ಟ್ರೋಂಬ್ಲಾಡ್ ಬೇರೆ ಹಳೇ ಗೆಳೆಯರನ್ನು ಕಟ್ಟಿಕೊಂಡು, ಡಾರ್ಕ್ ಟ್ರಾಂಕ್ವಿಲಿಟಿಯ ಮಿಕೇಲ್ ಸ್ಟಾನೆಯನ್ನು ಮುಂದೆ ನಿಲ್ಲಿಸಿ, 'ದ ಹೇಲೋ ಎಫೆಕ್ಟ್' ಹೆಸರಲ್ಲಿ ಹಳೇ ಶೈಲಿಯನ್ನೇ ನುಡಿಸುತ್ತಿದ್ದಾನೆ. ಅವರಿಗೆ ಮಿಕ್ಸ್ ಮಾಡುವುದಾದರೆ ನನ್ನ ಹಳೇ ಸೀನ್ ರೆಡಿ ಇದೆ.

ಈಗ ನಾನು ಮಾಡುವುದು ಇಷ್ಟು: ಸೀನ್ ಲೋಡ್ ಮಾಡಿದರೂ ಪ್ಯಾನ್, ಗೇಟ್, ಹೈಪಾಸ್ ಮೂರನ್ನೂ ಸೊನ್ನೆಗೆ ತಂದೇ ಶುರು. ಹೊರಾಂಗಣದಲ್ಲಿ ಯಾವುದನ್ನೂ ಪೂರಾ ಒಂದು ಕಡೆಗೆ ತಳ್ಳುವುದಿಲ್ಲ. ಮೊದಲ ಹಾಡಿಗೆ ಎದ್ದು ಬಲಗಡೆವರೆಗೆ ನಡೆದುಹೋಗುತ್ತೇನೆ, ಸೋಫಾದವರ ಕಾಲು ತುಳಿದರೂ ಸರಿ.

ಮುಂದಿನ ಫೆಸ್ಟ್‌ಗೆ ಅದೇ ಹುಡುಗರು ಮತ್ತೆ ಕೇಳಿದ್ದಾರೆ. ಓನರ್ ಮುಂದೆ ಕೂತು "ಅಂಕಲ್, ಒಬ್ಬ ಕಮ್ಮಿ ಆದ್ನಲ್ಲ, ರೇಟ್ ಸ್ವಲ್ಪ ನೋಡಿ" ಅಂದರು. ಓನರ್ ಇಳಿಸಿಯೇಬಿಟ್ಟರು. ಸೌಂಡ್‌ಚೆಕ್‌ಗೆ ಒಂದು ಗಂಟೆ ಅಂತ ಬರೆಸಿ ಅಂದರೆ "ಒಂದ್ ಗಿಟಾರ್‌ಗೆ ಒಂದ್ ಗಂಟೇನಾ?" ಅಂತ ನನ್ನ ಮುಖ ನೋಡಿದರು. ಕೊಟೇಶನ್ ವಾಟ್ಸಾಪ್ ಮಾಡುವುದು ನಾನೇ ಆದ್ದರಿಂದ ಕೆಳಗೆ ಆ ಸಾಲನ್ನು ಸೇರಿಸಿಯೇ ಕಳಿಸಿದ್ದೇನೆ. ಓನರ್ ಇನ್ನೂ ಓದಿಲ್ಲ.