ಅಟ್ಟದಿಂದ ಇಳಿದ ಖಾಲಿ ಬಾಕ್ಸುಗಳು

ಮಳೆಗಾಲದ ಹೊಸ್ತಿಲಲ್ಲಿ, ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಮಾಡಿನ ಹಂಚು ಕೈಯಾಡಿಸಿ ಸರಿ ಮಾಡಿಸಬೇಕು ಅಂತ ಅಮ್ಮ ವಿಷು ಕಳೆದಾಗಿನಿಂದ ಹೇಳುತ್ತಿದ್ದರು. ಕೆಲಸದವರು ಸಿಕ್ಕಿದ್ದು ಮೇ ತಿಂಗಳ ನಡುವೆ. ನಮ್ಮ ಬದಿಯಡ್ಕದ ಕಡೆ ಹಂಚಿನ ಮನೆ ಕಡಿಮೆಯಾದ ಹಾಗೆ ಹಂಚಿನ ಕೆಲಸ ಗೊತ್ತಿರುವವರೂ ಕಡಿಮೆಯಾಗಿದ್ದಾರೆ, ಹಾಗಾಗಿ ಅವರು ಹೇಳಿದ ದಿನವೇ ನಮ್ಮ ದಿನ. ಹಿಂದಿನ ಸಂಜೆ ಫೋನ್ ಮಾಡಿ, ನಾಳೆ ಅಟ್ಟ ಖಾಲಿ ಇರಬೇಕು ಅಂದರು. ಅಟ್ಟದಲ್ಲಿ ಇದ್ದದ್ದು ಒಂದು ತಾಮ್ರದ ಹಂಡೆ, ಕಾಲು ಮುರಿದ ಒಂದು ಮಂಚ. ಉಳಿದದ್ದೆಲ್ಲ ನನ್ನ ಖಾಲಿ ಬಾಕ್ಸುಗಳು.

ಎಂಥ ಬಾಕ್ಸು ಅಂತ ಹೇಳಬೇಕಲ್ವಾ. ನಾನು ಪ್ಲಾಸ್ಟಿಕ್ ಮಾಡೆಲ್ ಕಿಟ್ ಕಟ್ಟುವವನು. ವಿಮಾನ ಜಾಸ್ತಿ, ಅಪರೂಪಕ್ಕೆ ಒಂದು ಟ್ಯಾಂಕ್. ಬಾಕ್ಸಿನೊಳಗೆ ಪ್ಲಾಸ್ಟಿಕ್ ಕಡ್ಡಿಯ ಚೌಕಟ್ಟುಗಳಿರುತ್ತವೆ, ಅದಕ್ಕೆ ಸ್ಪ್ರೂ ಅಂತಾರೆ. ಅದರಿಂದ ಭಾಗಗಳನ್ನು ಒಂದೊಂದಾಗಿ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹೊಡೆದು, ಕೊನೆಗೆ ಡೆಕಾಲ್, ಅಂದರೆ ಗುರುತು, ನಂಬರುಗಳ ತೆಳು ಅಂಟುಚಿತ್ರ, ಹಚ್ಚಿದರೆ ಒಂದು ವಿಮಾನ. ಕಾಸರಗೋಡು ಪೇಟೆಯಲ್ಲಿ ಇದನ್ನು ಕೇಳಿದರೆ ಮಕ್ಕಳ ಆಟಿಕೆ ಅಂಗಡಿ ತೋರಿಸುತ್ತಾರೆ. ಹಾಗಾಗಿ ನನ್ನ ಕಿಟ್‌ಗಳು ಒಂದೋ ಕೊರಿಯರ್‌ನಲ್ಲಿ ಬರುತ್ತವೆ, ಇಲ್ಲ ದುಬೈಯಲ್ಲಿರುವ ಚಿಕ್ಕಪ್ಪನ ಮಗನ ಸೂಟ್‌ಕೇಸಿನಲ್ಲಿ.

ಕಿಟ್ ಕಟ್ಟಿ ಮುಗಿದ ಮೇಲೆ ಬಾಕ್ಸು ಉಳಿಯುತ್ತದೆ. ಎಸೆಯಲು ಮನಸ್ಸು ಬರುವುದಿಲ್ಲ. ಈ ಹವ್ಯಾಸದವರನ್ನು ಯಾರನ್ನು ಕೇಳಿದರೂ ಇದೇ ಕಥೆ. ಕೆಲವರು ಮುಚ್ಚಳದ ಚಿತ್ರ ಕತ್ತರಿಸಿ ಫ್ರೇಮ್ ಹಾಕಿಸುತ್ತಾರೆ. ಕೆಲವರು ಬಾಕ್ಸನ್ನು ಬಿಡಿಸಿ ಚಪ್ಪಟೆ ಮಾಡಿ ಹಾಸಿಗೆಯಡಿ ತುರುಕುತ್ತಾರೆ. ಚಿಕ್ಕದನ್ನು ದೊಡ್ಡದರೊಳಗೆ ಇಟ್ಟು, ಅದನ್ನು ಇನ್ನೂ ದೊಡ್ಡದರೊಳಗೆ ಇಟ್ಟು, ಜಾಗ ಉಳಿಸಿದೆ ಅಂತ ಸಮಾಧಾನ ಮಾಡಿಕೊಳ್ಳುವವರೂ ಇದ್ದಾರೆ. ನಾನು ಆ ಜಾತಿ.

ಬೆಳಿಗ್ಗೆ ಏಣಿ ಇಟ್ಟು ಹತ್ತಿದೆ. ಅಕ್ಕನ ಮಗ ರಜೆಯಲ್ಲಿ ಬಂದಿದ್ದ, ಕೆಳಗೆ ನಿಂತು ಒಂದೊಂದನ್ನೇ ಹಿಡಿದು ಚಾವಡಿಯಲ್ಲಿ ಸಾಲಾಗಿ ಇಟ್ಟ. ಚಾವಡಿ ತುಂಬಿತು. ಜಗಲಿ ತುಂಬಿತು. ಅಮ್ಮ ಹಲಸಿನ ಹಪ್ಪಳ ಒಣಗಿಸಲು ಹಾಸಿದ ಚಾಪೆಯ ಅಂಚಿಗೂ ಬಾಕ್ಸು ಬಂದಾಗ, "ಇದರಲ್ಲಿ ಎಂಥ ಉಂಟು?" ಅಂತ ಕೇಳಿದರು.

"ಎಂತದ್ದೂ ಇಲ್ಲ ಅಮ್ಮ, ಖಾಲಿ."

"ಖಾಲಿಯಾದರೆ ಇಷ್ಟು ವರ್ಷ ಯಾಕೆ ಕಾದದ್ದು?"

ಉತ್ತರ ಕೊಡಲಿಲ್ಲ. ಕೊಡಬೇಕಿದ್ದರೆ ಅದು ಸ್ವಲ್ಪ ಉದ್ದದ ಉತ್ತರ.

ಈ ಹವ್ಯಾಸದಲ್ಲಿ ಬಾಕ್ಸಿನ ಚಿತ್ರಕ್ಕೇ ಒಂದು ಚರಿತ್ರೆ ಇದೆ. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1952ರಲ್ಲಿ ಗೋಲ್ಡನ್ ಹೈಂಡ್ ಅನ್ನುವ ಹಡಗಿನ ಕಿಟ್ ತಂದಾಗ ಅದಕ್ಕೆ ಬಾಕ್ಸೇ ಇರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ಕಾಗದ ಮಡಚಿ ಪಿನ್ನು ಹೊಡೆದು, ವೂಲ್‌ವರ್ಥ್ ಅಂಗಡಿಗಳಲ್ಲಿ ಎರಡು ಶಿಲ್ಲಿಂಗಿಗೆ ಮಾರುತ್ತಿದ್ದರು. ಆ ಕಾಗದದ ತುಂಡನ್ನು ಇವತ್ತಿಗೂ ಸಂಗ್ರಹ ಮಾಡುವವರಿದ್ದಾರೆ ಅಂದರೆ ನಮ್ಮ ಅಮ್ಮ ನಂಬಲಿಕ್ಕಿಲ್ಲ. ಆಮೇಲೆ 1964ರಿಂದ 1974ರವರೆಗೆ ರಾಯ್ ಕ್ರಾಸ್ ಅನ್ನುವ ಕಲಾವಿದ ಅದೇ ಕಂಪನಿಗೆ ಬಾಕ್ಸಿನ ಚಿತ್ರ ಬರೆದರು. ಉರಿಯುವ ಎಂಜಿನ್ನು, ಓರೆಯಾಗಿ ಮುಖಕ್ಕೇ ನುಗ್ಗುವ ಬಾಂಬರು, ಕೆಳಗೆ ಸಮುದ್ರ. ಒಳಗಿದ್ದ ಪ್ಲಾಸ್ಟಿಕ್ಕು ಆ ಚಿತ್ರದ ಅರ್ಧದಷ್ಟೂ ಚೆಂದ ಇರುತ್ತಿರಲಿಲ್ಲ, ಆದರೂ ಅಂಗಡಿಯ ಗಾಜಿನ ಮುಂದೆ ನಿಂತ ಹುಡುಗರ ಜೇಬು ಖಾಲಿ ಮಾಡಿಸಿದ್ದು ಅದೇ ಚಿತ್ರ. ಮಕ್ಕಳ ಸಾಮಾನಿನ ಮೇಲೆ ಹಿಂಸೆ ಬೇಡ ಅನ್ನುವ ಕಾಲ ಬಂದಾಗ ಆ ಬೆಂಕಿ, ಗುಂಡು, ಸ್ಫೋಟಗಳನ್ನೆಲ್ಲ ಚಿತ್ರದಿಂದ ಅಳಿಸಿದರು. ಈಗ ಹಳಬರು ಹುಡುಕುವುದು ಬೆಂಕಿ ಇರುವ ಬಾಕ್ಸನ್ನೇ.

ಜಪಾನಿನ ತಮಿಯಾದ್ದು ಬೇರೆ ಕಥೆ. 1946ರಲ್ಲಿ ಶಿಜುವೊಕಾದಲ್ಲಿ ಮರದ ಮಿಲ್ಲಾಗಿ ಶುರುವಾದ ಕಂಪನಿ ಅದು. ಪ್ಲಾಸ್ಟಿಕ್ಕಿಗೆ ಬಂದ ಮೊದಲ ದಿನಗಳಲ್ಲಿ ಪೆಟ್ಟು ತಿಂದು, ಆಮೇಲೆ ಪ್ಯಾಂಥರ್ ಟ್ಯಾಂಕಿನಿಂದ ಎದ್ದು ನಿಂತಿತು. ಆ ಬಾಕ್ಸಿನ ಚಿತ್ರ ಕೊಮಾತ್ಸುಜಾಕಿ ಅನ್ನುವ ಕಲಾವಿದರದು. ಮೋಟಾರು, ಬ್ಯಾಟರಿ ಒಳಗೆ ಹಿಡಿಸಬೇಕು ಅಂತ ಟ್ಯಾಂಕಿನ ಅಳತೆ ನಿರ್ಧರಿಸಿದರಂತೆ, ಅದು ಬಂದು ನಿಂತದ್ದು ಸುಮಾರು 1/35ಕ್ಕೆ, ಅಂದರೆ ನಿಜವಾದ ಟ್ಯಾಂಕಿನ ಮೂವತ್ತೈದರಲ್ಲಿ ಒಂದು ಪಾಲಿಗೆ. ಇವತ್ತು ಜಗತ್ತಿನ ಅರ್ಧ ಟ್ಯಾಂಕ್ ಕಿಟ್‌ಗಳು ಅದೇ ಅಳತೆಯಲ್ಲಿ ಬರುವುದು ಬ್ಯಾಟರಿಯ ದಯೆಯಿಂದ! ಈಗಿನ ತಮಿಯಾ ಬಾಕ್ಸು ಬಿಳಿ ಹಿನ್ನೆಲೆಯದು. ಗಾಡಿ ಒಂದೇ ಎದ್ದು ಕಾಣುತ್ತದೆ, ಹೊಗೆ ಇಲ್ಲ, ಗಲಾಟೆ ಇಲ್ಲ. ನನಗೆ ಇಷ್ಟ.

ಇದನ್ನೆಲ್ಲ ಹಪ್ಪಳದ ಚಾಪೆಯ ಪಕ್ಕ ನಿಂತು ಹೇಳಲು ಆಗುತ್ತದಾ?

ಹಂಚಿನವರು ಮೇಲೆ ಹತ್ತಿ ಕೆಲಸ ಶುರು ಮಾಡಿದರು. ನಾನು ಕೆಳಗೆ ಕೂತು ಬಾಕ್ಸು ಬಿಚ್ಚಲು ಶುರು ಮಾಡಿದೆ. ಕಾಸರಗೋಡಿನ ಮಳೆಗಾಲ ಕಂಡವರಿಗೆ ಗೊತ್ತು, ಜೂನಿನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ರಟ್ಟನ್ನು ಬಿಡುತ್ತದಾ? ಕೆಳಸಾಲಿನ ಬಾಕ್ಸುಗಳ ಅಡಿಯಲ್ಲಿ ಹಸಿರು ಬಿಳಿ ಬೂಷ್ಟು. ಒಂದರ ಮೂಲೆಯಿಂದ ಗೆದ್ದಲು ಮಣ್ಣಿನ ದಾರಿ ಮಾಡಿಕೊಂಡು ಸಾಗಿತ್ತು, ಚಿತ್ರದಲ್ಲಿ ಮೋಡ ಇದ್ದ ಜಾಗ ಪೂರ್ತಿ ಖಾಲಿ, ವಿಮಾನ ಮಾತ್ರ ಉಳಿದಿತ್ತು. ಇನ್ನೊಂದು ಮುಚ್ಚಳ ತೆಗೆದರೆ ಒಳಮೂಲೆಯಲ್ಲಿ ಹಲ್ಲಿಯ ಮೊಟ್ಟೆ ಎರಡು, ರಟ್ಟಿಗೇ ಅಂಟಿಕೊಂಡಿದ್ದವು, ಬಟಾಣಿಗಿಂತ ಸ್ವಲ್ಪ ಸಣ್ಣ. ಅಳಿಯ ಅದನ್ನು ಮುಟ್ಟಲು ಬಿಡಲಿಲ್ಲ. ಆ ಬಾಕ್ಸು ಹಾಗೇ ದನದ ಕೊಟ್ಟಿಗೆಯ ಮೂಲೆಗೆ ಹೋಯಿತು.

ಎಲ್ಲವೂ ಖಾಲಿ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಒಂದು ಬಾಕ್ಸಿನ ತುಂಬ ಬಿಡಿಭಾಗ. ಒಂದೇ ಕಿಟ್‌ನಲ್ಲಿ ಎರಡು ಮೂರು ಬಗೆಯ ವಿಮಾನ ಮಾಡುವಷ್ಟು ಭಾಗ ಕೊಟ್ಟಿರುತ್ತಾರೆ, ನಾವು ಒಂದನ್ನು ಕಟ್ಟುತ್ತೇವೆ, ಉಳಿದ ಕ್ಷಿಪಣಿ, ಇಂಧನ ಟ್ಯಾಂಕು, ಚಕ್ರ ಎಲ್ಲ ಇಲ್ಲಿಗೆ ಬಂದು ಬೀಳುತ್ತವೆ. ಇದನ್ನು ಸ್ಪೇರ್ಸ್ ಬಾಕ್ಸ್ ಅಂತಾರೆ. ಯಾರೂ ಇದನ್ನು ಬಿಸಾಡುವುದಿಲ್ಲ, ನಾನೂ ಬಿಸಾಡಲಿಲ್ಲ. ಇನ್ನೊಂದರಲ್ಲಿ ಉಳಿಕೆ ಸ್ಪ್ರೂ. ಭಾಗ ಕತ್ತರಿಸಿದ ಮೇಲೆ ಉಳಿದ ಬರೀ ಕಡ್ಡಿ. ಅದರಿಂದಲೂ ಕೆಲಸ ಇದೆ. ಒಂದು ತುಂಡನ್ನು ಮೋಂಬತ್ತಿಯ ಜ್ವಾಲೆಗೆ ತಾಗದಂತೆ ಮೇಲೆ ಹಿಡಿದು ತಿರುಗಿಸುತ್ತಾ ಇದ್ದರೆ ನಡುವೆ ಮೆತ್ತಗಾಗಿ ಹೊಳೆಯತೊಡಗುತ್ತದೆ. ಆಗ ಬೆಂಕಿಯಿಂದ ತೆಗೆದು, ಒಂದು ಉಸಿರು ಕಾದು, ಎರಡೂ ಕೈಯಲ್ಲಿ ಮೆಲ್ಲ ಎಳೆಯಬೇಕು. ಕೂದಲಿನಷ್ಟು ತೆಳುವಾದ ಎಳೆ ಬರುತ್ತದೆ. ವಿಮಾನದ ಆಂಟೆನಾ ತಂತಿಗೆ ಅದೇ. ಬೇಗ ಎಳೆದರೆ ಜಾಸ್ತಿ ತೆಳು, ನಿಧಾನ ಎಳೆದರೆ ದಪ್ಪ. ಸಣ್ಣ ಚೂರುಗಳನ್ನು ಮಾಡೆಲ್ ಅಂಟಿನ ಬಾಟಲಿಯಲ್ಲಿ ಕರಗಿಸಿದರೆ ಸಂದು ತುಂಬುವ ಗಂಜಿ ಆಗುತ್ತದೆ, ಒಣಗಿದ ಮೇಲೆ ಅದೂ ಅದೇ ಪ್ಲಾಸ್ಟಿಕ್ಕು, ಉಜ್ಜಲು ಸುಲಭ. ಹಾಗಂತ ಒಂದು ಬಾಕ್ಸು ತುಂಬ ಕಡ್ಡಿ ಒಂದು ಜನ್ಮಕ್ಕೆ ಮುಗಿಯುವುದಿಲ್ಲ. ಒಂದು ಹಿಡಿ ಇಟ್ಟುಕೊಂಡು ಉಳಿದದ್ದನ್ನು ಹರಿತ ಕರ್ಮ ಸೇನೆಯ ಚೀಲಕ್ಕೆ ಹಾಕಿದೆ. ಕೇರಳದಲ್ಲಿ ತಿಂಗಳಿಗೊಮ್ಮೆ ಮನೆಗೆ ಬಂದು ಒಣ ಪ್ಲಾಸ್ಟಿಕ್ ಒಯ್ಯುವವರು ಇವರು, ಪಂಚಾಯತಿನಲ್ಲಿ ಐವತ್ತು ರೂಪಾಯಿ ಕೊಡಬೇಕು. ಆ ತಿಂಗಳು ಬಂದ ಅಕ್ಕ ಒಂದು ಚೌಕಟ್ಟನ್ನು ಎತ್ತಿ ಬೆಳಕಿಗೆ ಹಿಡಿದು ಇದು ಎಂಥದು ಅಂತ ಮಲಯಾಳದಲ್ಲಿ ಕೇಳಿದರು. ವಿಮಾನ ಅಂದೆ. ನಕ್ಕು ಚೀಲಕ್ಕೆ ತುಂಬಿದರು.

ಈಗ ಬಾಕ್ಸುಗಳ ಜಾತಿಯ ವಿಷಯ. ಎರಡು ಬಗೆ. ಒಂದು ಮೇಲಿನ ಮುಚ್ಚಳ ಪೂರ್ತಿ ಎತ್ತಿ ತೆಗೆಯುವುದು. ಇನ್ನೊಂದು ಟೂತ್‌ಪೇಸ್ಟಿನ ಡಬ್ಬದ ಹಾಗೆ ಪಕ್ಕದಿಂದ ಬಿಚ್ಚುವುದು. ಎರಡನೆಯದನ್ನು ಯಾಕೆ ಮಾಡುತ್ತಾರೋ. ರಟ್ಟು ಉಳಿಯುತ್ತದೆ, ಸರಿ, ಆದರೆ ಒಮ್ಮೆ ಬಿಚ್ಚಿದರೆ ಮತ್ತೆ ಸರಿಯಾಗಿ ಮುಚ್ಚುವುದಿಲ್ಲ, ಸ್ಪ್ರೂ ಒಳಗೆ ತುರುಕುವಾಗ ಏನಾದರೊಂದು ಮುರಿಯುತ್ತದೆ. ಖಾಲಿಯಾದ ಮೇಲಂತೂ ಯಾವುದಕ್ಕೂ ಇಲ್ಲ. ಅವನ್ನೆಲ್ಲ ಯೋಚನೆ ಮಾಡದೆ ಗುಜರಿಗೆ ಇಟ್ಟೆ.

ಎತ್ತುವ ಮುಚ್ಚಳದ್ದು ಬೇರೆ. ಮುಚ್ಚಳವನ್ನು ಮಗುಚಿ ಮೇಜಿನ ಮೇಲಿಟ್ಟು ಅದರೊಳಗೇ ಭಾಗ ಕತ್ತರಿಸಿದರೆ ಚಿಮ್ಮಿದ್ದು ಅಲ್ಲೇ ಬೀಳುತ್ತದೆ. ನಮ್ಮ ಕೆಂಪು ಸಿಮೆಂಟಿನ ನೆಲದ ಮೇಲೆ ಅಕ್ಕಿಕಾಳಿಗಿಂತ ಸಣ್ಣ ಭಾಗ ಹಾರಿದರೆ ಅದು ಕಪಾಟಿನಡಿಗೇ ಹೋಗುವುದು. ಬಣ್ಣ ಹಸಿ ಇರುವಾಗ ಅದೇ ಮುಚ್ಚಳವನ್ನು ಮಾಡೆಲಿನ ಮೇಲೆ ಕವುಚಿಟ್ಟರೆ ಧೂಳು ಕೂರುವುದಿಲ್ಲ. ಗಟ್ಟಿ ರಟ್ಟಾದರೆ ಒಂದು ಬದಿ ಕತ್ತರಿಸಿ ನಿಲ್ಲಿಸಿ ಏರ್‌ಬ್ರಷ್, ಅಂದರೆ ಗಾಳಿಯಿಂದ ಬಣ್ಣ ಚಿಮ್ಮಿಸುವ ಸಾಧನ, ಹೊಡೆಯಲು ಮರೆ ಮಾಡಬಹುದು. ಮಾಡೆಲನ್ನು ಅದರದೇ ಬಾಕ್ಸಿನಲ್ಲಿ ಇಡಬಹುದು ಅಂತ ಯಾರಾದರೂ ಅಂದುಕೊಂಡರೆ, ಆಗುವುದಿಲ್ಲ. 1/72 ಅಳತೆಯ ಹಂಟರ್ ಜೆಟ್ಟಿನ ರೆಕ್ಕೆ ಸೇರಿಸಿದರೆ ಅಗಲ 14 ಸೆಂಟಿಮೀಟರ್, ಉದ್ದ 19 ಚಿಲ್ಲರೆ. ಬಿಡಿಬಿಡಿಯಾಗಿ ಮಲಗಿ ಬಂದದ್ದು ಚಕ್ರದ ಮೇಲೆ ಎದ್ದು ನಿಂತ ಮೇಲೆ ಆ ಮುಚ್ಚಳ ಎಲ್ಲಿ ಹಾಕುವುದು?

ಆ ಹಂಟರ್‌ನ ಬಾಕ್ಸು ಕೈಗೆ ಬಂದಾಗ ಸ್ವಲ್ಪ ಹೊತ್ತು ಕೂತೆ. ಮೇಲಿನ ಚಿತ್ರ ಬ್ರಿಟನ್ನಿನ ವಾಯುಪಡೆಯದ್ದು. ನಾನು ಕಟ್ಟಿದ್ದು ನಮ್ಮದು, 1971ರ ಡಿಸೆಂಬರಿನಲ್ಲಿ ಲೋಂಗೆವಾಲದಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ಅಟ್ಟಿಸಿಕೊಂಡು ಹೋದ ಬಗೆಯದ್ದು. ಅದಕ್ಕೆ ಡೆಕಾಲ್ ಬೇರೆಯೇ ತರಿಸಬೇಕಾಯಿತು. ಹಾಗಾದರೆ ಈ ಬಾಕ್ಸು ನಾನು ಕಟ್ಟಿದ್ದರ ನೆನಪೂ ಅಲ್ಲ, ಯಾರೋ ಇನ್ನೊಬ್ಬನ ವಿಮಾನದ ಚಿತ್ರ. ಹೀಗೆ ಯೋಚಿಸಿದ ಮೇಲೆ ಕೈ ಚುರುಕಾಯಿತು. ಮುಚ್ಚಳದ ಚಿತ್ರ ನಿಜವಾಗಿ ಚೆನ್ನಾಗಿದ್ದರೆ ಮಾತ್ರ ಕತ್ತರಿಸಿ ಫೈಲಿಗೆ. ಬಾಕ್ಸಿನ ಹಿಂಬದಿಯಲ್ಲೋ ಬದಿಯಲ್ಲೋ ಯಾವ ಜಾಗಕ್ಕೆ ಯಾವ ಬಣ್ಣ ಅಂತ ಅಚ್ಚು ಹಾಕಿದ್ದರೆ ಆ ತುಂಡು ಖಂಡಿತ ಫೈಲಿಗೆ, ಯಾಕೆಂದರೆ ಮಾಡೆಲ್ ಬಿದ್ದು ರೆಕ್ಕೆ ಮುರಿದಾಗ ಅದೇ ಬಣ್ಣ ಮತ್ತೆ ಹುಡುಕಬೇಕಾಗುತ್ತದೆ. ಇನ್ನೂ ಕಟ್ಟದ ಕಿಟ್‌ನ ಬಾಕ್ಸು ಮುಟ್ಟಬಾರದು. ಮಾರುವುದಾದರೆ ಬಾಕ್ಸಿಲ್ಲದ ಕಿಟ್‌ಗೆ ಬೆಲೆ ಬರುವುದಿಲ್ಲ. ಉಳಿದದ್ದು ರಟ್ಟು, ಅಷ್ಟೇ.

ಅಷ್ಟರಲ್ಲಿ ಅಮ್ಮ ಬಂದು, ಬೂಷ್ಟು ಹಿಡಿಯದ ಗಟ್ಟಿ ಬಾಕ್ಸು ನಾಲ್ಕು ಆರಿಸಿಕೊಂಡರು. ಮಳೆಗಾಲದ ತರಕಾರಿಯ ಬೀಜ ಇಡಲು. ಬೂದಿ ಬೆರೆಸಿದ ಬೀಜವನ್ನು ಪೊಟ್ಟಣ ಕಟ್ಟಿ ಸಾಲಾಗಿ ಜೋಡಿಸಿ, ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದರು. ಬಿಳಿ ಹಿನ್ನೆಲೆಯ ಬಾಕ್ಸಾದ್ದರಿಂದ ಬರೆಯಲು ಬೇಕಾದಷ್ಟು ಜಾಗ. ಟೈಗರ್ ಟ್ಯಾಂಕಿನ ನಳಿಕೆಯ ಪಕ್ಕ "ಬೆಂಡೆ, ಹೀರೆ, ಅಲಸಂಡೆ" ಅಂತ ಈಗಲೂ ಇದೆ. ಅಟ್ಟದಲ್ಲಲ್ಲ, ಒಲೆಯ ಮೇಲಿನ ಹಲಗೆಯಲ್ಲಿ. ಹೊಗೆಯ ಬಿಸಿಗೆ ಅಲ್ಲಿ ಬೂಷ್ಟು ಬರುವುದಿಲ್ಲ. ಇಷ್ಟು ವರ್ಷ ನನಗೆ ಇದು ಹೊಳೆಯಲೇ ಇಲ್ಲವಲ್ಲ.

ಅಳಿಯ ಎರಡು ದೊಡ್ಡ ಬಾಕ್ಸು ಎತ್ತಿಕೊಂಡು ಕಾಸರಗೋಡು ಬಸ್‌ಸ್ಟ್ಯಾಂಡ್ ಕಟ್ಟಲು ಹೊರಟ. ಕತ್ತರಿ ಕೊಟ್ಟೆ, ನನ್ನ ಬ್ಲೇಡು ಕೊಡಲಿಲ್ಲ. ಪ್ಲಾಟ್‌ಫಾರಂ ಆಯಿತು, ಬಸ್ಸು ಹಿಂದೆ ತೆಗೆಯುವ ಜಾಗ ಆಯಿತು. "ಮಾವ, ಮುಳ್ಳೇರಿಯದ ಬಸ್ಸು ಎಲ್ಲಿ ನಿಲ್ಲುವುದು?" ಅಂತ ಕೇಳಿ ಅಲ್ಲಿ ಬಾಂಬರ್ ವಿಮಾನದ ಬಾಲದ ಚಿತ್ರದ ಮೇಲೆ ಬೋರ್ಡ್ ಬರೆದ.

ಮಧ್ಯಾಹ್ನಕ್ಕೆ ಹಂಚಿನವರ ಕೆಲಸ ಮುಗಿಯಿತು. ಒಡೆದ ಹಂಚು ಬದಲಾಯಿಸಿ, ಗಾಜಿನ ಹಂಚು ಒಂದು ಜಾಸ್ತಿ ಹಾಕಿ ಹೋದರು. ಅವರಲ್ಲೊಬ್ಬರು ಹೋಗುವಾಗ ರಟ್ಟಿನ ರಾಶಿ ನೋಡಿ, ಇಷ್ಟು ಅಂಗಡಿ ಸಾಮಾನು ತರಿಸುವುದಾ ಅಂತ ಕೇಳಿದರು. ಅಮ್ಮ ನನ್ನ ಮುಖ ನೋಡಿದರು. ಗುಜರಿಯ ಆಟೋ ಎರಡು ದಿನ ಬಿಟ್ಟು ಮೈಕಿನಲ್ಲಿ ಕೂಗುತ್ತಾ ಬಂತು. ತಕ್ಕಡಿಗೆ ಹಾಕಿದಾಗ ನಾನು ಅಂದುಕೊಂಡದ್ದಕ್ಕಿಂತ ತೂಕ ಬಹಳ ಕಡಿಮೆ. ಬಾಕ್ಸು ತುಂಬ ಜಾಗ ಹಿಡಿಯುತ್ತದೆ, ಭಾರ ಏನೂ ಇಲ್ಲ. ಸಿಕ್ಕಿದ ದುಡ್ಡಿಗೆ ಒಂದು ಡಬ್ಬಿ ಪ್ರೈಮರೂ ಬರಲಿಕ್ಕಿಲ್ಲ.

ರಾತ್ರಿ ದುಬೈಯ ತಮ್ಮನಿಗೆ ಮೆಸೇಜ್ ಹಾಕಿದೆ. ಮುಂದಿನ ತಿಂಗಳು ಅವನು ಬರುವವನಿದ್ದ, ಒಂದು ಮಿಗ್-21 ತರಲು ಹೇಳಿದ್ದೆ. ಸೂಟ್‌ಕೇಸಿನಲ್ಲಿ ಜಾಗ ಇಲ್ಲ ಅಂತ ಅವನ ಯಾವತ್ತಿನ ದೂರು. ಬಾಕ್ಸನ್ನು ಅಲ್ಲೇ ಬಿಡು, ಸ್ಪ್ರೂಗಳನ್ನು ಬಟ್ಟೆಯ ನಡುವೆ ಸುತ್ತಿಡು, ಡೆಕಾಲ್ ಹಾಳೆ ಮತ್ತು ಕಟ್ಟುವ ವಿಧಾನದ ಪುಸ್ತಕ ಯಾವುದಾದರೂ ಪುಸ್ತಕದೊಳಗೆ ಮಡಚದೆ ಇಡು ಅಂತ ಬರೆದೆ. ಎಷ್ಟು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ ಅಣ್ಣ, ಅಂತ ಉತ್ತರ ಬಂತು. ಸ್ವಲ್ಪ ಹೊತ್ತು ಬಿಟ್ಟು ಕಿಟ್‌ನ ಫೋಟೋ ಕಳಿಸಿದ. ಎತ್ತುವ ಮುಚ್ಚಳ, ಗಟ್ಟಿ ರಟ್ಟು, ಬಣ್ಣದ ವಿವರ ಬದಿಯಲ್ಲೇ ಅಚ್ಚಾಗಿತ್ತು.

ಮುಚ್ಚಳ ಮಾತ್ರ ತಾ, ಅಡಿ ಬಿಡು, ಅಂತ ತಿದ್ದಿ ಬರೆದೆ.