ಕೆರ್ನ್‌ಗಾರ್ಮ್ ಬೆಟ್ಟಗಳ ಗೇಲಿಕ್ ಹೆಸರುಗಳು: ಪಟ್ಟಿ ಎಲ್ಲಿಗೆ ಬಂತು

ಬಣ್ಣದ ಹೆಸರುಗಳ ಭಾಗ ಕೊನೆಗೂ ಮುಗಿಯಿತು. ಸ್ಕಾಟ್ಲೆಂಡಿನ ಕೆರ್ನ್‌ಗಾರ್ಮ್ ಸೀಮೆಯ ಬೆಟ್ಟ, ಬಂಡೆಗಳಿಗೆ ಅಲ್ಲಿನ ಹಳೆಯ ಭಾಷೆಯಾದ ಗೇಲಿಕ್‌ನಲ್ಲಿರುವ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ, ಉಚ್ಚಾರಣೆ ಮತ್ತು ಅರ್ಥದ ಸಮೇತ ಬರೆದಿಡುತ್ತಿದ್ದೇನೆ. ಇನ್ವರ್ನೆಸ್‌ಗೆ ಬಂದು ನೆಲೆಸಿದ ಮೇಲೆ ಶುರು ಮಾಡಿದ ಕೆಲಸ ಇದು. ಇಲ್ಲಿನ ಕನ್ನಡದ ಗೆಳೆಯರು ವಾರಾಂತ್ಯಕ್ಕೆ ಬೆಟ್ಟ ಹತ್ತುತ್ತಾರೆ. ಆದರೆ ಹತ್ತಿದ ಬೆಟ್ಟದ ಹೆಸರು ಹೇಳಲು ನಾಲಿಗೆ ಹೊರಳುವುದಿಲ್ಲ.

ಬಣ್ಣಗಳಲ್ಲಿ ಜಾಸ್ತಿ ಹೊತ್ತು ಹಿಡಿದದ್ದು 'ಗೊರ್ಮ್'. ನಿಘಂಟು ನೀಲಿ ಅನ್ನುತ್ತದೆ. ಆದರೆ ಸೊಂಪಾಗಿ ಬೆಳೆದ ಹುಲ್ಲಿಗೂ ಅದೇ ಮಾತು. 'ಗ್ಲಾಸ್' ಬೂದು ಬಣ್ಣಕ್ಕೂ ಆಗುತ್ತದೆ, ಗುಡ್ಡದ ಮಾಸಲು ಹಸಿರಿಗೂ ಆಗುತ್ತದೆ. ಹಾಗಾಗಿ ಅರ್ಥದ ಕಾಲಮ್ಮಿನಲ್ಲಿ ಒಂದೇ ಪದ ಬರೆದು ಬಿಡುವುದನ್ನು ಕೈಬಿಟ್ಟೆ. ದೂರದಿಂದ ಆ ಬೆಟ್ಟ ಹೇಗೆ ಕಾಣುತ್ತದೆ ಅನ್ನುವುದನ್ನೂ ಸೇರಿಸುತ್ತೇನೆ. 1245 ಮೀಟರ್ ಎತ್ತರದ ಕಾರ್ನ್ ಗೊರ್ಮ್ ಅನ್ನುವ ಒಂದು ಬೆಟ್ಟದ ಹೆಸರು ಇಡೀ ಸಾಲಿಗೇ ಅಂಟಿಕೊಂಡಿದೆ. ಗೇಲಿಕ್‌ನಲ್ಲಿ ಈ ಸಾಲು 'ಅಮ್ ಮೊನಘ್ ರುಅಘ್', ಅಂದರೆ ಕೆಂಬೆಟ್ಟಗಳು. ಅಲ್ಲಿನ ಗ್ರಾನೈಟ್ ಗುಲಾಬಿ ಬಣ್ಣದ್ದು. ಸ್ಪೇ ಹೊಳೆಯ ಆಚೆಗಿರುವುದು 'ಮೊನಘ್ ಲಿಅ', ಬೂದು ಬೆಟ್ಟಗಳು. ನಡುವೆ ನಿಂತು ಎರಡೂ ಕಡೆ ನೋಡಿದರೆ ಹೆಸರಿಟ್ಟವರ ಕಣ್ಣು ಎಷ್ಟು ಚೊಕ್ಕ ಅಂತ ಗೊತ್ತಾಗುತ್ತದೆ. ಕೆಂಪು ಸಾಲಿಗೆ ನೀಲಿ ಹೆಸರೇ ಗಟ್ಟಿಯಾಗಿ ನಿಂತುಬಿಟ್ಟದ್ದು ನನಗೆ ನಿಜಕ್ಕೂ ಬೇಜಾರು.

ಉಚ್ಚಾರಣೆಯ ಕೆಲಸದಲ್ಲಿ ಕನ್ನಡ ಲಿಪಿ ಚೆನ್ನಾಗಿ ಕೈಹಿಡಿಯುತ್ತಿದೆ. ಬೆಟ್ಟಕ್ಕೆ ಗೇಲಿಕ್‌ನಲ್ಲಿ 'ಬೇಞ್'. ನಾವು ಒಂಟಿಯಾಗಿ ಬಳಸದೇ ಬಿಟ್ಟ ಞ ಇಲ್ಲಿ ಸರಿಯಾಗಿ ಕೂರುತ್ತದೆ, ಅಲ್ವಾ? ಗೊರ್ಮ್ ಅಂತ ಬರೆದದ್ದನ್ನು 'ಗೊರೊಮ್' ಅನ್ನುತ್ತಾರೆ. ಕೆಂಪಿಗಿರುವ ಇನ್ನೊಂದು ಪದ 'ಜೆರಕ್'; ಬರಹದಲ್ಲಿ ರಕಾರದ ನಂತರ ಸ್ವರವೇ ಇಲ್ಲ. ಸ್ಕಾಟ್ಲೆಂಡಿನ ಹೆಸರಾದ 'ಆಲ್ಬ' ಕೂಡ ಬಾಯಲ್ಲಿ 'ಅಲಪ' ಆಗುತ್ತದೆ. ಗೇಲಿಕ್ ಬಗ್ಗೆ ಬರೆಯುವ ಭಾಷಾಶಾಸ್ತ್ರಜ್ಞರು, ಎರಡು ವ್ಯಂಜನಗಳ ನಡುವೆ ಹೀಗೆ ಸ್ವರ ನುಸುಳುವುದನ್ನು ಸ್ವರಭಕ್ತಿ ಅಂತಲೇ ಕರೆಯುತ್ತಾರೆ, ಸಂಸ್ಕೃತದ ಅದೇ ಪದದಿಂದ. ಕರ್ಮವನ್ನು ಕರುಮ, ಜನ್ಮವನ್ನು ಜನುಮ ಅನ್ನುವ ನಮಗೆ ಇದು ಕಷ್ಟವಲ್ಲ. ಗಂಟಲಿನಿಂದ ಬರುವ ಒಂದು ಸದ್ದಿಗೆ ಮಾತ್ರ ನಮ್ಮಲ್ಲಿ ಅಕ್ಷರವಿಲ್ಲ. ಅದಕ್ಕೆ ಚುಕ್ಕೆ ಇಟ್ಟು ಖ಼ ಬರೆಯುತ್ತಿದ್ದೇನೆ.

ಭೂಪಟದ ಕಾಗುಣಿತವನ್ನೇ ನಂಬಿ ಕೂರುವಂತಿಲ್ಲ. ಭೂಪಟದಲ್ಲಿ 'ಕೆರ್ನ್ ಟೂಲ್' ಅಂತಿರುವ ಬೆಟ್ಟ ಗೇಲಿಕ್‌ನಲ್ಲಿ 'ಕಾರ್ನ್ ಅನ್ ತವಲ್', ಅಂದರೆ ಕಣಜದ ಬೆಟ್ಟ. ಕಣಜಕ್ಕೆ ಬರುವ ಪದ ಸಕಾರದಿಂದ ಶುರುವಾಗುತ್ತದೆ. 'ಅನ್' ಹಿಂದೆ ಸೇರಿದಾಗ ಆ ಸಕಾರ ಕೇಳಿಸುವುದೇ ಇಲ್ಲ, ಬದಲಿಗೆ ತಕಾರ ಬರುತ್ತದೆ. ಬರೆದುಕೊಂಡವರು ಕಿವಿಗೆ ಬಿದ್ದದ್ದನ್ನು ಇಂಗ್ಲಿಷ್ ಕಾಗುಣಿತಕ್ಕೆ ಇಳಿಸಿದರು. 'ಬೊಡ್ ಅನ್ ಜೆವಿಞ್' ಅನ್ನುವ ಬೆಟ್ಟದ ಕತೆ ಇನ್ನೊಂದು. ಅದರ ಅರ್ಥ ದೆವ್ವದ ಶಿಶ್ನ. ಇಂಗ್ಲಿಷಿನಲ್ಲಿ ಮರ್ಯಾದೆಗೆ 'ಡೆವಿಲ್ಸ್ ಪಾಯಿಂಟ್' ಆಯಿತು. ನನ್ನ ಪಟ್ಟಿಯಲ್ಲಿ ಗೇಲಿಕ್ ಅರ್ಥವನ್ನೇ ಇಟ್ಟಿದ್ದೇನೆ. ಹೆಸರಿಟ್ಟವರಿಗೆ ಇಲ್ಲದ ನಾಚಿಕೆ ನಮಗೆ ಯಾಕೆ?

ಇದಕ್ಕೆಲ್ಲ ಆಧಾರ 19ನೇ ಶತಮಾನದ ಆರ್ಡ್‌ನೆನ್ಸ್ ಸರ್ವೆಯ (ಬ್ರಿಟನ್ನಿನ ಭೂಪಟ ತಯಾರಿಸುವ ಸರ್ಕಾರಿ ಸಂಸ್ಥೆ) ಹೆಸರು ಪುಸ್ತಕಗಳು. ಪ್ರತಿ ಹೆಸರಿಗೆ ಬೇರೆ ಬೇರೆ ಕಾಗುಣಿತ, ಹೇಳಿದವರು ಯಾರು, ಜಾಗ ಎಂಥದ್ದು ಎಂದು ಅದರಲ್ಲಿ ಬರೆದಿದೆ. ಈಗ ಆನ್‌ಲೈನ್‌ನಲ್ಲೇ ಓದಬಹುದು. ಜಮೀನ್ದಾರರು, ಪಾದ್ರಿಗಳು, ಮೇಷ್ಟ್ರುಗಳ ಮಾತಿಗೆ ಅಲ್ಲಿ ತೂಕ ಜಾಸ್ತಿ. ದನ ಕುರಿ ಅಟ್ಟಿಕೊಂಡು ದಿನಾ ಆ ಬಂಡೆ ದಾಟುತ್ತಿದ್ದವರ ಬಾಯಲ್ಲಿ ಹೆಸರು ಹೇಗಿತ್ತೋ ಅದೇ ನನಗೆ ಬೇಕಾದದ್ದು. ಡೀ ಹೊಳೆ ಸೀಮೆಯ (ಡೀಸೈಡ್) ಗೇಲಿಕ್‌ನ ಕೊನೆಯ ಮಾತುಗಾರ್ತಿ 1984ರಲ್ಲಿ ತೀರಿಕೊಂಡರು. ಪರಿಸರ ವಿಜ್ಞಾನಿ ಆಡಮ್ ವಾಟ್ಸನ್, ಎಲಿಜಬೆತ್ ಆಲನ್ ಜೊತೆ ಸೇರಿ ಊರಿನ ಹಿರಿಯರಿಂದ ಹೆಸರುಗಳನ್ನು ಕೇಳಿ ಬರೆದುಕೊಳ್ಳದೇ ಹೋಗಿದ್ದರೆ ಎಷ್ಟೋ ಉಚ್ಚಾರಣೆ ಮಣ್ಣಾಗುತ್ತಿತ್ತು. ಆ ಕೆಲಸಕ್ಕೆ ನನ್ನ ನಮಸ್ಕಾರ.

ಈಗ ಬಂಡೆಗಳ ಸರದಿ. 'ಕ್ರೆಕ್ ಅನ್ ಲೆಖ಼ೊಞ್' ಬರೆದಾಯಿತು. ಪದಕ್ಕೆ ಪದ ಇಟ್ಟರೆ ಅರ್ಧನಾಯಿಯ ಬಂಡೆ. ಅಂದರೆ ಬೆರಕೆ ತಳಿಯ ಬೇಟೆನಾಯಿ. 'ಕ್ಲಖ಼್ ಯೀಅನ್' ಅಂದರೆ ಆಸರೆ ಕಲ್ಲು. ಆ ದೊಡ್ಡ ಕಲ್ಲಿನ ಅಡಿಯಲ್ಲಿ ಜನ ರಾತ್ರಿ ಮಲಗುತ್ತಿದ್ದರು. 1887ರಲ್ಲಿ ಕೆರ್ನ್‌ಗಾರ್ಮ್ ಕ್ಲಬ್ ಅನ್ನುವ ಬೆಟ್ಟ ಹತ್ತುವವರ ಸಂಘ ಹುಟ್ಟಿದ್ದೂ ಅಲ್ಲೇ. ಅದರ ಪಕ್ಕದ ಕೆರೆಯನ್ನು ಭೂಪಟ 'ಏವನ್' ಅನ್ನುವಂತೆ ಬರೆಯುತ್ತದೆ, ಇಲ್ಲಿನವರು 'ಆನ್' ಅನ್ನುತ್ತಾರೆ. ಪಟ್ಟಿಯಲ್ಲಿ ಎರಡನ್ನೂ ಹಾಕಿದ್ದೇನೆ, ಆನ್ ಮೊದಲು. ಮುಂದಿನ ಸಲ ಪ್ರಾಣಿಗಳ ಹೆಸರಿರುವ ಬಂಡೆಗಳು: ಹದ್ದು, ಕಾಗೆ, ಜಿಂಕೆ.